ಕತ್ತಲು ಬೇಗ ಇಳಿಯುವ ಊರಿನಲ್ಲಿ ಸಂಸಾರ

ನಿಮ್ಮ ಮಗನೋ ಮಗಳೋ ಸಂಸಾರಸಮೇತ ಜರ್ಮನಿಯಲ್ಲಿದ್ದರೆ, ಡಿಸೆಂಬರಿನಲ್ಲಿ ಫೋನು ಮಾಡಿದಾಗ ನೀವು ಮೊದಲು ಕೇಳುವುದು "ಅಲ್ಲಿ ಹಿಮ ಬಿತ್ತಾ?" ಎಂದೇ. ಹಿಮ ನೋಡಲು ಚೆಂದ. ಆದರೆ ಅಲ್ಲಿ ಸಂಸಾರವನ್ನು ಹಿಮಕ್ಕಿಂತ ಹೆಚ್ಚಾಗಿ ಕಾಡುವುದು ಕತ್ತಲು.

ಹ್ಯಾಂಬರ್ಗ್ ನಗರವನ್ನೇ ತೆಗೆದುಕೊಳ್ಳಿ. ಕ್ರಿಸ್ತಜಯಂತಿಯ ಹೊತ್ತಿಗೆ ಅಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ ಸುಮಾರು 8.30ಕ್ಕೆ, ಮುಳುಗುವುದು ಸಂಜೆ ಸುಮಾರು 4ಕ್ಕೆ. ಮಗು ಕತ್ತಲಲ್ಲೇ ಶಾಲೆಗೆ ಹೊರಡುತ್ತದೆ. ತಂದೆ ಕತ್ತಲಲ್ಲೇ ಕೆಲಸಕ್ಕೆ ಹೋಗಿ ಕತ್ತಲಲ್ಲೇ ಮರಳುತ್ತಾನೆ. ನಡುವಿನ ಹೊತ್ತನ್ನು ಕೈಗೂಸಿನೊಡನೆ ಒಬ್ಬಳೇ ಕಳೆಯುವ ತಾಯಿಯನ್ನು ನೆನೆಯಿರಿ. ನಮ್ಮಲ್ಲಿ ಜಗುಲಿಗೆ ಬಂದರೆ ಸಾಕು, ನೆರೆಯವರು ಮಾತಿಗೆ ಸಿಗುತ್ತಾರೆ. ಅಲ್ಲಿ ಚಳಿಗೆ ಎಲ್ಲರ ಬಾಗಿಲೂ ಮುಚ್ಚಿರುತ್ತದೆ. ಬಾಣಂತನಕ್ಕೆಂದು ಹೋದ ಅಜ್ಜಿಯರ ಪಾಡೂ ಇದೇ. ಇಂಥ ದಿನಗಳಲ್ಲಿ ಗಂಡಹೆಂಡಿರಲ್ಲಿ ಸಣ್ಣ ಮಾತಿಗೂ ಮುನಿಸು ಹುಟ್ಟಿದರೆ ಸ್ವಭಾವದ ದೋಷವೆಂದು ಬಗೆಯಬೇಡಿ. ಬೆಳಕಿನ ಕೊರತೆಯೂ ಮನಸ್ಸನ್ನು ಕುಗ್ಗಿಸುತ್ತದೆ. ಮಧ್ಯಾಹ್ನ ಅರ್ಧ ಗಂಟೆ ಮಗುವನ್ನು ಬೆಚ್ಚಗೆ ಹೊದಿಸಿ ಹೊರಗೆ ನಡೆದಾಡುವಂತೆ ಹೇಳಿ. ವಾರಗಟ್ಟಲೆ ಮಂಕು ಕಳೆಯದಿದ್ದರೆ ವೈದ್ಯರಲ್ಲಿಗೆ ಹೋಗಲು ಧೈರ್ಯ ತುಂಬಿ.

ಮನೆವಾರ್ತೆಯೂ ಬೇರೆಯೇ. ದೋಸೆ ಹಿಟ್ಟು ಎರಡು ದಿನವಾದರೂ ಹುಳಿ ಬರುವುದಿಲ್ಲ. ಓವನ್ನಿನ ದೀಪವನ್ನಷ್ಟೇ ಉರಿಸಿ ಅದರೊಳಗೆ ಪಾತ್ರೆ ಇಡುತ್ತಾರೆ. ಎಷ್ಟೇ ಚಳಿಯಿದ್ದರೂ ದಿನಕ್ಕೆ ಎರಡು ಮೂರು ಸಲ ಐದು ನಿಮಿಷ ಕಿಟಕಿಗಳನ್ನು ಪೂರ್ತಿ ತೆರೆಯಬೇಕು, ಇಲ್ಲವಾದರೆ ಅಡುಗೆಯ ಹಬೆಗೂ ಒದ್ದೆ ಬಟ್ಟೆಯ ತೇವಕ್ಕೂ ಗೋಡೆಗೆ ಬೂಷ್ಟು ಹಿಡಿಯುತ್ತದೆ. (ಒಗ್ಗರಣೆ ಹಾಕುವ ಮೊದಲು ಕೋಟುಗಳನ್ನು ಒಳಕೋಣೆಗೆ ಸಾಗಿಸುವುದನ್ನು ಸೊಸೆಯಂದಿರು ತಾವಾಗಿಯೇ ಕಲಿತಿರುತ್ತಾರೆ!) ಕೂಸುಗಳಿಗೆ ದಿನವೂ ವಿಟಮಿನ್ ಡಿ ಕೊಡುವುದು ಅಲ್ಲಿನ ವೈದ್ಯರ ಪದ್ಧತಿ. "ನಮ್ಮ ಕಾಲದಲ್ಲಿ ಇದೆಲ್ಲ ಇತ್ತೇ?" ಎಂದು ಅದನ್ನು ತಪ್ಪಿಸಬೇಡಿ. ನಮ್ಮ ಕಾಲದಲ್ಲಿ ಬಿಸಿಲಿತ್ತು.

ಆ ಕತ್ತಲಿನ ತಿಂಗಳುಗಳಿಗೆ ಆ ನಾಡಿನ ಕ್ರೈಸ್ತ ಕುಟುಂಬಗಳು ಕಂಡುಕೊಂಡ ಮದ್ದನ್ನೂ ನೋಡಿ. ನವೆಂಬರ್ 11ರ ಸುಮಾರಿಗೆ, ಬಡವನಿಗೆ ಮೇಲಂಗಿಯನ್ನು ಸೀಳಿ ಕೊಟ್ಟ ಸಂತ ಮಾರ್ಟಿನರ ಹಬ್ಬಕ್ಕೆ, ಮಕ್ಕಳು ತಾವೇ ಮಾಡಿದ ಕಾಗದದ ಕಂದೀಲು ಹಿಡಿದು ಬೀದಿಯಲ್ಲಿ ಮೆರವಣಿಗೆ ಹೋಗುತ್ತಾರೆ. ಡಿಸೆಂಬರ್ 5ರ ರಾತ್ರಿ ಬೂಟುಗಳನ್ನು ಉಜ್ಜಿ ಬಾಗಿಲ ಬಳಿ ಇಟ್ಟು, ಬೆಳಗಾದರೆ ಸಂತ ನಿಕೋಲಾಸರ ಹೆಸರಿನ ಮಿಠಾಯಿ ಹುಡುಕುತ್ತಾರೆ. ಆಗಮನ ಕಾಲದ ಹಸಿರು ಚಕ್ರದ ಕಥೆಯಂತೂ ಹ್ಯಾಂಬರ್ಗಿನದೇ. 1839ರಲ್ಲಿ ಅಲ್ಲಿ ಬಡ ಮಕ್ಕಳ ಆಶ್ರಮ ನಡೆಸುತ್ತಿದ್ದ ಪ್ರಾಟೆಸ್ಟೆಂಟ್ ಬೋಧಕ ಯೊಹಾನ್ ಹಿನ್ರಿಶ್ ವಿಖರ್ನ್, ಹಬ್ಬಕ್ಕೆ ಇನ್ನೆಷ್ಟು ದಿನವೆಂದು ಮಕ್ಕಳೇ ಎಣಿಸಲೆಂದು ಒಂದು ಗಾಡಿಯ ಚಕ್ರದ ಮೇಲೆ ಮೇಣದ ಬತ್ತಿಗಳನ್ನು ನಿಲ್ಲಿಸಿದರು. ಭಾನುವಾರಕ್ಕೊಂದು ದೊಡ್ಡದು, ವಾರದ ದಿನಗಳಿಗೆ ಚಿಕ್ಕವು. ನಾಲ್ಕು ಬತ್ತಿಗಳ ಈ ಚಕ್ರ ನಮ್ಮ ದೇವಾಲಯಗಳಿಗೆ ಬಂದದ್ದು ಆಮೇಲೆ.

ಮನೆಮಂದಿಯೆಲ್ಲ ಮೇಜಿನ ಸುತ್ತ ಕೂತು ಬತ್ತಿ ಹಚ್ಚುವ ಆ ಹತ್ತು ನಿಮಿಷದಲ್ಲಿ ಸಣ್ಣ ಪ್ರಾರ್ಥನೆ ಸಾಕು. ಇಲ್ಲಿಂದ ನೀವು "ಜಪಸರ ಪೂರ್ತಿ ಹೇಳಿದಿರಾ?" ಎಂದು ಲೆಕ್ಕ ಕೇಳುವುದಕ್ಕಿಂತ, ಭಾನುವಾರ ಅವರೊಡನೆ ವಿಡಿಯೋ ಕರೆಯಲ್ಲಿ ಕೂತು ಒಂದು ರಹಸ್ಯವನ್ನು ಒಟ್ಟಿಗೆ ಹೇಳಿದರೆ ಮೊಮ್ಮಕ್ಕಳ ನಾಲಗೆಯಲ್ಲಿ ಕನ್ನಡವೂ ಉಳಿದೀತು. ಹೊತ್ತು ಮಾತ್ರ ನೋಡಿಕೊಳ್ಳಿ. ಚಳಿಗಾಲದಲ್ಲಿ ಅವರ ಗಡಿಯಾರ ನಮ್ಮದಕ್ಕಿಂತ ನಾಲ್ಕೂವರೆ ಗಂಟೆ ಹಿಂದೆ. ನಮ್ಮ ರಾತ್ರಿ 8 ಗಂಟೆಗೆ ಅಲ್ಲಿ ಮಧ್ಯಾಹ್ನ 3.30; ಬೆಳಕು ಆಗಷ್ಟೇ ಮಂಕಾಗುತ್ತಿರುತ್ತದೆ, ಮಾತಿಗೆ ಜನ ಬೇಕೆನಿಸುವ ಹೊತ್ತು ಅದೇ. ಮಾರ್ಚ್ ತಿಂಗಳ ಕೊನೆಯ ಭಾನುವಾರ ಅವರು ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಅಷ್ಟರಲ್ಲಿ ಅಲ್ಲಿಯೂ ಸಂಜೆಗೆ ಬಿಸಿಲು ಮರಳಿರುತ್ತದೆ.