ಮರುವಾಯಿಯ ಕಾವಲು ಅದಕ್ಕೆ, ನಮ್ಮ ಕಾವಲು ನಮಗೆ



ಇಳಿತದ ಹೊತ್ತಿಗೆ ಹೊಳೆಗಿಳಿದು ಮರುವಾಯಿ ಹೆಕ್ಕುವವರು, ಮನೆಮನೆಗೆ ಹೊತ್ತು ಮಾರುವವರು ನಮ್ಮ ಸಂಘಗಳಲ್ಲಿ ಅನೇಕರಿದ್ದೀರಿ. ಸದಾ ಕೆಸರಿನಲ್ಲೇ ಇರುವ ಈ ಜೀವಿಗೆ ರೋಗ ಬರುವುದಿಲ್ಲವೇ ಎಂದು ಯಾವತ್ತಾದರೂ ಯೋಚಿಸಿದ್ದೀರಾ?

ಮರುವಾಯಿ, ಪಚ್ಚಿಲೆ, ಕಲ್ವ ಇವೆಲ್ಲ ಎರಡು ಚಿಪ್ಪಿನ ಜೀವಿಗಳು. ನೀರನ್ನು ಒಳಗೆಳೆದು, ಕಿವಿರಿನಲ್ಲಿ ಸೋಸಿ ಆಹಾರ ಪಡೆಯುತ್ತವೆ. ನೀರಿನ ಜೊತೆ ಬ್ಯಾಕ್ಟೀರಿಯಾಗಳೂ ಒಳಗೆ ಬರುತ್ತವೆ. ಅವುಗಳನ್ನು ಎದುರಿಸಲು ಮೂರು ಕಾವಲುಗಳಿವೆ.

1. ಚಿಪ್ಪು ಮತ್ತು ಲೋಳೆ: ಅಪಾಯ ಕಂಡರೆ ಚಿಪ್ಪು ಮುಚ್ಚುತ್ತದೆ. ಬೇಡವಾದ ಕಣಗಳನ್ನು ಲೋಳೆ ಹಿಡಿದು ಹೊರಹಾಕುತ್ತದೆ.

2. ರಕ್ತದ ಕಣಗಳು: ಒಳಗೆ ನುಗ್ಗಿದ ಬ್ಯಾಕ್ಟೀರಿಯಾವನ್ನು ಇವು ಸುತ್ತುವರಿದು, ನುಂಗಿ ಜೀರ್ಣಿಸುತ್ತವೆ.

3. ಕೊಲ್ಲುವ ರಸಗಳು: ಇವುಗಳಲ್ಲಿ ಒಂದು ಲೈಸೋಜೈಮ್. ನಮ್ಮ ಕಣ್ಣೀರು, ಎಂಜಲಿನಲ್ಲೂ ಇದು ಇದೆ. ಬ್ಯಾಕ್ಟೀರಿಯಾದ ಹೊರಗೋಡೆಯನ್ನು ಒಡೆಯುತ್ತದೆ.

ಆದರೆ ನಮ್ಮಂತೆ ಪ್ರತಿಕಾಯ ತಯಾರಿಸುವ ಶಕ್ತಿ ಇವಕ್ಕಿಲ್ಲ. ಆದ್ದರಿಂದ ಮಕ್ಕಳಿಗೆ ಲಸಿಕೆ ಹಾಕಿಸಿದಂತೆ ಇವನ್ನು ಕಾಪಾಡಲಾಗದು. ನೀರು ಬಿಸಿಯೇರಿದರೆ, ಜೋರು ಮಳೆಗೆ ಉಪ್ಪು ತಟ್ಟನೆ ಇಳಿದರೆ ಕಾವಲು ಸೋಲುತ್ತದೆ. 1987ರಲ್ಲಿ ಫ್ರಾನ್ಸಿನ ಬ್ರಿಟನಿ ಕರಾವಳಿಯಲ್ಲಿ ಸಾಕಿದ ಮರುವಾಯಿಗಳಿಗೆ ವಿಬ್ರಿಯೋ ಜಾತಿಯ ಬ್ಯಾಕ್ಟೀರಿಯಾದಿಂದ ರೋಗ ಬಂತು. ಚಿಪ್ಪಿನ ಒಳಗೆ ಕಂದು ಬಣ್ಣದ ಉಂಗುರ ಮೂಡಿ, ಬಹಳಷ್ಟು ಸತ್ತವು.

ಈಗ ಮುಖ್ಯ ಮಾತು. ಈ ಕಾವಲು ಇರುವುದು ಮರುವಾಯಿಯ ಜೀವಕ್ಕೆ, ನಮ್ಮ ಹೊಟ್ಟೆಗಲ್ಲ. ಅದಕ್ಕೆ ಏನೂ ಮಾಡದ ರೋಗಾಣು ಅದರೊಳಗೆ ಉಳಿದು ನಮ್ಮನ್ನು ಮಲಗಿಸಬಹುದು. 1988ರಲ್ಲಿ ಚೀನಾದ ಶಾಂಘೈಯಲ್ಲಿ ಕೊಳಚೆ ಸೇರಿದ ನೀರಿನ ಚಿಪ್ಪುಗಳನ್ನು ಅರೆಬೇಯಿಸಿ ತಿಂದು, ಸುಮಾರು 3 ಲಕ್ಷ ಜನರಿಗೆ ವೈರಸ್‌ನಿಂದ ಕಾಮಾಲೆ ಬಂತು. ನೋಡಲು ಆ ಚಿಪ್ಪುಗಳು ಚೆನ್ನಾಗಿಯೇ ಇದ್ದವು!

ಆದ್ದರಿಂದ ನೆನಪಿಡಿ:

* ಚರಂಡಿ ನೀರು ಸೇರುವಲ್ಲಿ ಹೆಕ್ಕಬೇಡಿ.
* ಬಾಯಿ ತೆರೆದದ್ದು ತಟ್ಟಿದರೂ ಮುಚ್ಚದಿದ್ದರೆ ಸತ್ತಿದೆ ಎಂದೇ ತಿಳಿಯಿರಿ. ಎಸೆಯಿರಿ, ಮಾರಬೇಡಿ.
* ರಾತ್ರಿ ನೀರಲ್ಲಿ ಹಾಕಿಟ್ಟರೆ ಹೊಯ್ಗೆ ಹೋದೀತು, ರೋಗಾಣು ಪೂರ್ತಿ ಹೋಗದು.
* ಕುದಿಯುವ ನೀರಿನಲ್ಲಿ ಬಾಯಿ ತೆರೆದ ಮೇಲೂ 3ರಿಂದ 5 ನಿಮಿಷ ಕುದಿಸಿ. ಬೆಂದರೂ ತೆರೆಯದ್ದನ್ನು ಬಿಸಾಡಿ.

ನಾಲ್ಕು ಕಾಸು ಕಡಿಮೆಯಾದರೂ ಪರವಾಗಿಲ್ಲ. ನಮ್ಮ ಕೈಯಿಂದ ಕೊಂಡವರು ನಂಬಿ ತಿನ್ನುತ್ತಾರೆ, ಆ ನಂಬಿಕೆಯೇ ನಮ್ಮ ಬಂಡವಾಳ.

ಸಂಘದ ಸಭೆಯಲ್ಲಿ ಚರ್ಚಿಸಿ: ನಾವು ಹೆಕ್ಕುವ ಜಾಗಕ್ಕೆ ಎಲ್ಲೆಲ್ಲಿಂದ ಕೊಳಚೆ ನೀರು ಬರುತ್ತಿದೆ? ಗ್ರಾಮಸಭೆಯಲ್ಲಿ ಇದನ್ನು ಯಾರು ಎತ್ತುತ್ತೀರಿ?