ತೋಟದ ಜೀಪಿನ ದುರಸ್ತಿಯೂ ದಾರಿಯ ಸಿದ್ಧತೆಯೂ

ಮಲೆನಾಡಿನ ತೋಟಗಾರರಿಗೆ ಜೀಪು ವಾಹನವು ಗುದ್ದಲಿ ಕತ್ತಿಗಳಷ್ಟೇ ಅವಶ್ಯವಾದ ಸಾಧನವಾಗಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯದ ಉಪಯೋಗಕ್ಕೆಂದು ಅಮೆರಿಕದಲ್ಲಿ ನಿರ್ಮಿತವಾದ ಈ ವಾಹನವನ್ನು ೧೯೪೦ರ ದಶಕದ ಕೊನೆಯ ವರ್ಷಗಳಲ್ಲಿ ಮಹೀಂದ್ರ ಸಂಸ್ಥೆಯವರು ಮುಂಬಯಿಯಲ್ಲಿ ಜೋಡಿಸಲಾರಂಭಿಸಿದರು. ನಾಲ್ಕು ಚಕ್ರಗಳಿಗೂ ಎಂಜಿನಿನ ಬಲವು ದೊರೆಯುವುದರಿಂದ ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಸೀಮೆಗಳಲ್ಲಿ ಎತ್ತಿನ ಗಾಡಿಯೂ ಏರಲಾರದ ದಿಣ್ಣೆಗಳನ್ನು ಇದು ಏರಬಲ್ಲುದು. ಕಾಫಿ ಮೂಟೆ, ಗೊಬ್ಬರ, ಮರಮುಟ್ಟುಗಳನ್ನು ಸಾಗಿಸುವುದಲ್ಲದೆ, ಮಳೆಗಾಲದ ರಾತ್ರಿಯಲ್ಲಿ ರೋಗಿಯನ್ನೋ ಹೆರಿಗೆಯ ಹೆಂಗಸನ್ನೋ ಆಸ್ಪತ್ರೆಗೆ ಮುಟ್ಟಿಸಲು ಒಂಟಿ ಹಳ್ಳಿಗಳಿಗೆ ಅನೇಕ ವೇಳೆ ಇದೊಂದೇ ಗತಿ. ಆದುದರಿಂದ ಇದರ ಸುಸ್ಥಿತಿಯು ಮಾಲಿಕನೊಬ್ಬನ ಲಾಭನಷ್ಟದ ವಿಷಯ ಮಾತ್ರವಲ್ಲ.

ಕಮಾನು ಪಟ್ಟಿಗಳ ಮೇಲೆ ನಿಂತ ಜೀಪು ಮತ್ತು ಪಿಕಪ್ ವಾಹನಗಳ ವಿಷಯದಲ್ಲಿ ಗ್ರಾಮದ ಮುಖಂಡರೂ ಭೂಮಾಲಿಕರೂ ತಿಳಿದಿರತಕ್ಕ ಸಂಗತಿಗಳನ್ನು ಇಲ್ಲಿ ಸಂಗ್ರಹಿಸಿದೆ.

೧. ಮುರಿತದ ಕಾರಣ

ಉಕ್ಕಿನ ಭಾಗವು ಒಂದೇ ಏಟಿಗೆ ಮುರಿಯುವುದು ಅಪರೂಪ. ಗೀರು, ತುಕ್ಕಿನ ಕುಳಿ ಅಥವಾ ಸಡಿಲವಾದ ಬೋಲ್ಟಿನ ರಂಧ್ರದ ಅಂಚಿನಲ್ಲಿ ಕೂದಲೆಳೆಯಂತಹ ಬಿರುಕು ಹುಟ್ಟಿ, ಪ್ರತಿಯೊಂದು ಕುಲುಕಿಗೂ ಸ್ವಲ್ಪಸ್ವಲ್ಪವಾಗಿ ಬೆಳೆದು, ಉಳಿದ ಉಕ್ಕು ಭಾರವನ್ನು ತಾಳಲಾರದಾದಾಗ ತಟ್ಟನೆ ತುಂಡಾಗುತ್ತದೆ. ಮುರಿದ ಮುಖವನ್ನು ಪರೀಕ್ಷಿಸಿದರೆ ಇದು ಸ್ಪಷ್ಟವಾಗುವುದು. ಹಳೆಯ ಬಿರುಕಿನ ಭಾಗವು ನುಣುಪಾಗಿ ಕಂದುಬಣ್ಣಕ್ಕೆ ತಿರುಗಿರುತ್ತದೆ. ಹೊಸದಾಗಿ ಮುರಿದ ಭಾಗವು ಒರಟಾಗಿ ಹೊಳೆಯುತ್ತದೆ. ಕಂದು ಭಾಗವು ದೊಡ್ಡದಾಗಿದ್ದರೆ, ಆ ಮುರಿತವು ಬಹುದಿನಗಳಿಂದ ಸೂಚನೆ ಕೊಡುತ್ತಿದ್ದರೂ ಯಾರೂ ಅದನ್ನು ನೋಡಲಿಲ್ಲವೆಂದೇ ಅರ್ಥ.

ಆದಕಾರಣ ದುರಸ್ತಿಯ ಮೊದಲನೆಯ ಸಾಧನವು ನೀರು ಮತ್ತು ಕುಂಚ. ಕೆಸರು ಮೆತ್ತಿದ ಚಾಸಿಯಲ್ಲಿ ಬಿರುಕು ಕಾಣಿಸದು. ವಾಹನದ ಅಡಿಭಾಗವನ್ನು ತೊಳೆದು, ಒಣಗಿಸಿ, ಹಗಲು ಬೆಳಕಿನಲ್ಲಿ ನೋಡತಕ್ಕದ್ದು. ಬಣ್ಣದ ಮೇಲೆ ತುಕ್ಕಿನ ಸಣ್ಣ ಗೆರೆಯು ಕಂಡರೆ ಅದರಡಿಯಲ್ಲಿ ಬಿರುಕಿದೆಯೆಂದು ಸಂಶಯಿಸಬೇಕು.

೨. ಕಮಾನು ಪಟ್ಟಿಗಳು

ಕಮಾನಿನ ಉಕ್ಕು ಸಾಧಾರಣ ಕಬ್ಬಿಣವಲ್ಲ. ಅದರಲ್ಲಿ ನೂರಕ್ಕೆ ಸುಮಾರು ಅರ್ಧ ಪಾಲು ಇಂಗಾಲವೂ, ಜೊತೆಗೆ ಸಿಲಿಕಾನ್, ಮ್ಯಾಂಗನೀಸ್ ಅಥವಾ ಕ್ರೋಮಿಯಂ ಧಾತುಗಳೂ ಸೇರಿರುತ್ತವೆ. ಕಮ್ಮಾರನು ಕತ್ತಿಗೆ ಹದ ಹಾಕುವಂತೆ ಇದನ್ನೂ ಕಾಯಿಸಿ, ತಣಿಸಿ, ಪುನಃ ಮಿತವಾಗಿ ಕಾಯಿಸಿ ಹದಗೊಳಿಸಿರುತ್ತಾರೆ. ಮುರಿದ ಪಟ್ಟಿಗೆ ಬೆಸುಗೆ ಹಾಕಿದರೆ ಬೆಸುಗೆಯ ಪಕ್ಕದ ಉಕ್ಕು ಗಾಜಿನಂತೆ ಪೆಡಸಾಗುತ್ತದೆ. ಅದರಾಚೆಯ ಭಾಗವು ಹದಗೆಟ್ಟು ಮೆದುವಾಗುತ್ತದೆ. ಆದ್ದರಿಂದ ಬೆಸೆದ ಪಟ್ಟಿಯು ಬೆಸುಗೆಯ ಬದಿಯಲ್ಲೇ ಪುನಃ ಮುರಿಯುವುದು. ಮುರಿದ ಪಟ್ಟಿಯನ್ನು ಬದಲಾಯಿಸುವುದೊಂದೇ ಸರಿಯಾದ ಮಾರ್ಗ.

ಪಟ್ಟಿ ಪದೇಪದೇ ಮುರಿದರೆ ದಪ್ಪವಾದುದನ್ನು ಹಾಕಿಸುವುದು ರೂಢಿಯಾಗಿದೆ. ಇದರಲ್ಲಿ ಎಚ್ಚರಿಕೆ ಅಗತ್ಯ. ಉದ್ದ ಅಗಲಗಳು ಸಮನಾಗಿದ್ದು ದಪ್ಪವು ಇಮ್ಮಡಿಯಾದರೆ ಪಟ್ಟಿಯ ಬಿಗುವು ಎರಡರಷ್ಟಲ್ಲ, ಎಂಟರಷ್ಟಾಗುತ್ತದೆ. ೬ ಮಿಲಿಮೀಟರಿನ ಪಟ್ಟಿಯ ಸ್ಥಾನದಲ್ಲಿ ೮ ಮಿಲಿಮೀಟರಿನದನ್ನು ಹಾಕಿದರೂ ಆ ಪಟ್ಟಿಯ ಬಿಗುವು ಎರಡೂಕಾಲು ಪಾಲಿಗಿಂತ ಅಧಿಕವಾಗುವುದು. ಬಗ್ಗದ ಕಮಾನು ಹಳ್ಳದ ಏಟನ್ನು ತಾನು ನುಂಗದೆ ತನ್ನ ನೆರೆಯ ಭಾಗಕ್ಕೆ ದಾಟಿಸುತ್ತದೆ. ಮೊದಲು ಕೊಂಡಿಯ ಪಿನ್ನು ಸವೆಯುತ್ತದೆ. ತರುವಾಯ ಕಮಾನನ್ನು ಹಿಡಿದ ಬ್ರಾಕೆಟ್ಟು ಸೀಳುತ್ತದೆ. ಕಡೆಗೆ ಚಾಸಿಯೇ ಬಿರಿಯುತ್ತದೆ. ಒಂದು ಭಾಗವನ್ನು ಮಾತ್ರ ಅತಿಯಾಗಿ ಬಲಪಡಿಸಿದರೆ ಮುರಿತವು ತಪ್ಪುವುದಿಲ್ಲ, ಸ್ಥಳಾಂತರ ಹೊಂದುವುದಷ್ಟೆ. ಹೊರೆ ಹೆಚ್ಚೇ ಹೊರಬೇಕಾದಲ್ಲಿ ಅದೇ ದಪ್ಪದ ಪಟ್ಟಿಯೊಂದನ್ನು ಎರಡು ಬದಿಗೂ ಸಮನಾಗಿ ಸೇರಿಸಿ, ಬ್ರಾಕೆಟ್ಟುಗಳನ್ನೂ ಪರೀಕ್ಷಿಸತಕ್ಕದ್ದು. ಹೊರೆಯನ್ನು ಇಳಿಸುವುದು ಇದಕ್ಕಿಂತಲೂ ಅಗ್ಗವಾದ ಉಪಾಯ.

ಕಮಾನಿನ ನಡುವಿನ ಬೋಲ್ಟು ತುಂಡಾಗುವುದಕ್ಕೆ ಬಹುತೇಕ ಯು ಬೋಲ್ಟುಗಳ ಸಡಿಲವೇ ಕಾರಣ. ಅಚ್ಚನ್ನು ಕಮಾನಿಗೆ ಬಿಗಿದಿಡುವ ಕೆಲಸ ಯು ಬೋಲ್ಟಿನದು. ನಡುವಿನ ಬೋಲ್ಟು ಸ್ಥಾನವನ್ನು ತೋರಿಸುವುದಕ್ಕೆ ಮಾತ್ರ. ಕಮಾನನ್ನು ಬಿಚ್ಚಿದಾಗ ಹೊಸ ಯು ಬೋಲ್ಟುಗಳನ್ನೇ ಹಾಕಿ, ಕೆಲವು ನೂರು ಕಿಲೋಮೀಟರು ನಡೆಸಿದ ಮೇಲೆ ಮತ್ತೊಮ್ಮೆ ಬಿಗಿಸಬೇಕು.

೩. ಬೋಲ್ಟು ಮತ್ತು ಚಾಸಿ

ಬೋಲ್ಟುಗಳ ತಲೆಯ ಮೇಲಿನ ಅಂಕಿಗಳನ್ನು ಓದುವುದು ಕಲಿಯತಕ್ಕ ವಿದ್ಯೆ. ೮.೮ ಎಂಬ ಗುರುತುಳ್ಳ ಬೋಲ್ಟು ಚದರ ಮಿಲಿಮೀಟರಿಗೆ ೮೦೦ ನ್ಯೂಟನ್ನಿನ ಎಳೆತವನ್ನು ತಾಳಬಲ್ಲುದು, ೪.೬ ಗುರುತಿನದು ೪೦೦ ನ್ಯೂಟನ್ ಮಾತ್ರ. ಗಾತ್ರವೊಂದೇ ಆದರೂ ಬಲದಲ್ಲಿ ಅರ್ಧಕ್ಕರ್ಧ ವ್ಯತ್ಯಾಸ. ಕಮಾನು, ಸ್ಟಿಯರಿಂಗ್, ಚಕ್ರ ಇವುಗಳಲ್ಲಿ ಮೊದಲಿದ್ದ ಗುರುತಿನ ಬೋಲ್ಟನ್ನೇ ಹಾಕಬೇಕಲ್ಲದೆ, ಬೇಲಿಗೇಟಿನ ಬೋಲ್ಟು ಸರ್ವಥಾ ಕೂಡದು.

ಚಾಸಿಯು ಬಿರಿದಲ್ಲಿ ಬರಿಯ ಬಿರುಕಿನ ಮೇಲೆ ಬೆಸುಗೆ ಎಳೆಯುವುದು ನಿಷ್ಪ್ರಯೋಜಕ. ಬಿರುಕಿನ ತುದಿಯಲ್ಲಿ ಸಣ್ಣ ರಂಧ್ರವನ್ನು ಕೊರೆದು ಅದು ಮುಂದುವರಿಯದಂತೆ ತಡೆದು, ಬಿರುಕನ್ನು ಕಣಿವೆಯಂತೆ ಉಜ್ಜಿ, ಒಣಗಿದ ಕಡ್ಡಿಗಳಿಂದ ಆಳದಿಂದ ತುಂಬಿಸಬೇಕು. ಅನಂತರ ಚಾಸಿಯಷ್ಟೇ ದಪ್ಪದ ತಗಡನ್ನು ಎರಡು ಕೊನೆಗಳೂ ಮೊನಚಾಗುವಂತೆ ಕತ್ತರಿಸಿ ಮೇಲೆ ಬೆಸೆಯತಕ್ಕದ್ದು. ಚೌಕನಾದ ತಗಡಿನ ಅಡ್ಡಬೆಸುಗೆಯ ಅಂಚಿನಲ್ಲಿ ಹೊಸ ಬಿರುಕು ಹುಟ್ಟುವ ಸಂಭವವುಂಟು. ವಿದ್ಯುತ್ ಬೆಸುಗೆಗೆ ಮುಂಚೆ ಬ್ಯಾಟರಿಯ ತಂತಿಯನ್ನು ಬಿಚ್ಚಿ, ಭೂತಂತಿಯ ಚಿಮಟವನ್ನು ಬೆಸುಗೆಯ ಸಮೀಪದಲ್ಲೇ ಹಿಡಿಸಬೇಕು. ಇಲ್ಲವಾದರೆ ವಿದ್ಯುತ್ತು ಬೇರಿಂಗುಗಳ ಮೂಲಕ ಹರಿದು ಅವುಗಳನ್ನು ಸುಡಬಹುದು. ಈಚಿನ ವಾಹನಗಳಲ್ಲಿ ಎಂಜಿನನ್ನು ಆಳುವ ಎಲೆಕ್ಟ್ರಾನಿಕ್ ಪೆಟ್ಟಿಗೆಯ ತಂತಿಗಳನ್ನೂ ಕಳಚಬೇಕು.

೪. ದಾರಿಯಲ್ಲಿ ಕೆಟ್ಟಾಗ

ದಾರಿಯಲ್ಲಿ ಸಂಭವಿಸುವ ಕೆಡುಕುಗಳನ್ನು ಮೂರು ವರ್ಗಗಳಾಗಿ ವಿಂಗಡಿಸಬಹುದು. ಈ ವಿಭಾಗವನ್ನು ಚಾಲಕನು ಕಂಠಪಾಠವಾಗಿ ತಿಳಿದಿರಬೇಕು.

ಮೊದಲನೆಯದು, ಅಲ್ಲಿಯೇ ಸರಿಪಡಿಸಬಹುದಾದವು. ಟಯರಿನ ತೂತು, ಫ್ಯಾನು ಬೆಲ್ಟು, ರೇಡಿಯೇಟರಿನ ಕೊಳವೆ, ಫ್ಯೂಸು ಮೊದಲಾದವು ಈ ವರ್ಗಕ್ಕೆ ಸೇರುತ್ತವೆ. ಹಳೆಯ ಮಾದರಿಯ ಡೀಸೆಲ್ ಎಂಜಿನಿನಲ್ಲಿ ಎಣ್ಣೆ ತೀರಿ ಗಾಳಿ ಸೇರಿದ್ದರೆ, ಎಣ್ಣೆ ತುಂಬಿಸಿ, ಫಿಲ್ಟರಿನ ಮೇಲಿನ ತಿರುಪನ್ನು ಸಡಿಲಿಸಿ, ಗುಳ್ಳೆಗಳು ನಿಲ್ಲುವವರೆಗೆ ಕೈಪಂಪನ್ನು ಒತ್ತಿ ತಿರುಪನ್ನು ಬಿಗಿಯಬೇಕು. ಕುದಿಯುವ ರೇಡಿಯೇಟರಿನ ಮುಚ್ಚಳವನ್ನು ಕೂಡಲೇ ತೆರೆದರೆ ಬಿಸಿನೀರು ಚಿಮ್ಮಿ ಮೈ ಸುಡುವುದು; ಆರುವ ತನಕ ಕಾಯಬೇಕು.

ಎರಡನೆಯದು, ಮನೆ ಸೇರುವಷ್ಟು ಮಟ್ಟಿಗೆ ಕಟ್ಟಿಕೊಳ್ಳಬಹುದಾದವು. ಕಮಾನಿನ ಮುಖ್ಯಪಟ್ಟಿ ಮುರಿದರೆ ಅಚ್ಚು ಹಿಂದಕ್ಕೆ ಸರಿಯದಂತೆ ಸರಪಳಿಯಿಂದ ಅದನ್ನು ಮುಂದಿನ ಬ್ರಾಕೆಟ್ಟಿಗೆ ಬಿಗಿದು, ಚಾಸಿಗೂ ಅಚ್ಚಿಗೂ ನಡುವೆ ಗಟ್ಟಿ ಮರದ ದಿಮ್ಮಿಯನ್ನು ಇಟ್ಟು ಕಟ್ಟಿ, ಹೊರೆಯನ್ನೂ ಜನರನ್ನೂ ಇಳಿಸಿ, ನಡಿಗೆಯ ವೇಗದಲ್ಲಿ ಬರಬಹುದು. ಹಿಂದಿನ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟು ಮುರಿದರೆ ಅದನ್ನು ಬಿಚ್ಚಿ, ನಾಲ್ಕು ಚಕ್ರದ ಗೇರಿನಲ್ಲಿ ಮುಂದಿನ ಚಕ್ರಗಳ ಬಲದಿಂದಲೇ ಸಮನಾದ ದಾರಿಯಲ್ಲಿ ಸಾಗಬಹುದು. ಶಾಫ್ಟನ್ನು ಬಿಚ್ಚಿದ ಮೇಲೆ ಗೇರು ಆ ಚಕ್ರಗಳನ್ನು ಹಿಡಿಯಲಾರದು. ಆದ್ದರಿಂದ ಬಿಚ್ಚುವುದಕ್ಕೆ ಮೊದಲೇ ನಾಲ್ಕು ಚಕ್ರಗಳಿಗೂ ಕಲ್ಲು ಕೊಟ್ಟಿರಬೇಕು.

ಮೂರನೆಯದು, ವಾಹನವನ್ನು ಒಂದು ಹೆಜ್ಜೆಯೂ ಚಲಿಸಬಾರದಾದವು. ಸ್ಟಿಯರಿಂಗಿನ ಸರಳು ಅಥವಾ ಅದರ ಗುಂಡುಕೀಲು ಮುರಿದಿರುವುದು, ಬ್ರೇಕಿನ ಎಣ್ಣೆ ಸೋರಿರುವುದು, ಚಕ್ರದ ಬೋಲ್ಟುಗಳು ಕತ್ತರಿಸಿರುವುದು, ಚಕ್ರದ ಭಾರವನ್ನು ತಾನೇ ಹೊತ್ತಿರುವ ಅಚ್ಚಿನ ಒಳಶಾಫ್ಟು ತುಂಡಾಗಿರುವುದು. ಇವುಗಳಿಗೆ ತಂತಿ, ಹಗ್ಗ, ಬೆಸುಗೆಗಳ ಉಪಾಯವನ್ನು ಮಾಡಲೇಕೂಡದು. ಕಮಾನು ಮುರಿದರೆ ಪ್ರಯಾಣ ನಿಲ್ಲುತ್ತದೆ. ಸ್ಟಿಯರಿಂಗ್ ಮುರಿದರೆ ಪ್ರಾಣ ಹೋಗುತ್ತದೆ. ರೋಗಿಯನ್ನು ಕರೆದೊಯ್ಯುವ ಆತುರದಲ್ಲಿಯೂ ಈ ನಿಯಮವನ್ನು ಸಡಿಲಿಸುವುದು ಅವಿವೇಕ. ಅಂತಹ ಸಂದರ್ಭದಲ್ಲಿ ಬೇರೆ ವಾಹನವನ್ನು ಕರೆಸುವುದೋ ರೋಗಿಯನ್ನು ಹೊತ್ತು ಸಾಗಿಸುವುದೋ ಲೇಸು.

ಕೆಸರಿನಲ್ಲಿ ಹೂತ ವಾಹನವನ್ನು ಎಳೆಯುವಾಗ ಹಗ್ಗವನ್ನು ಚಾಸಿಯ ಕೊಕ್ಕೆಗೇ ಕಟ್ಟಬೇಕು. ಟ್ರೇಲರಿನ ಗುಂಡಿಗೆ ಕಟ್ಟಿ ಎಳೆದರೆ ಅದು ಕಿತ್ತು ಗುಂಡಿನಂತೆ ಹಾರುವುದುಂಟು. ಎಳೆತದ ನೇರದಲ್ಲಿ ಯಾರೂ ನಿಲ್ಲಕೂಡದು. ಉಕ್ಕಿನ ಹಗ್ಗವಾದರೆ ಅದರ ಮಧ್ಯದಲ್ಲಿ ಒದ್ದೆ ಗೋಣಿಯನ್ನು ಹೊದಿಸಬೇಕು.

೫. ಸಂಗಡ ಇರತಕ್ಕ ಸಾಮಾನು

ಗಾಳಿ ತುಂಬಿದ ಹೆಚ್ಚಿನ ಚಕ್ರ, ಜಾಕಿ, ಜಾಕಿಯ ಕೆಳಗಿಡಲು ಅಗಲವಾದ ಹಲಗೆ, ಎರಡು ಮರದ ದಿಮ್ಮಿ, ಆರು ಅಡಿಯ ಸರಪಳಿ, ಎಳೆಯುವ ಹಗ್ಗ, ಗುದ್ದಲಿ, ಕತ್ತಿ, ಗಾಳಿಪಂಪು, ನಡುಬೋಲ್ಟು ಒಂದು, ಯು ಬೋಲ್ಟು ಎರಡು, ಜಾಯಿಂಟು ಒಂದು, ಫ್ಯಾನು ಬೆಲ್ಟು, ಕೊಳವೆ, ಬ್ರೇಕು ಎಣ್ಣೆ, ಹತ್ತು ಲೀಟರು ನೀರು, ಬ್ಯಾಟರಿ ದೀಪ. ಇವುಗಳನ್ನು ತಗಡಿನ ಪೆಟ್ಟಿಗೆಯಲ್ಲಿಟ್ಟು ಕಟ್ಟಿರಬೇಕು. ಹೊಸ ಭಾಗವನ್ನು ಒಮ್ಮೆ ಮನೆಯಲ್ಲಿ ಜೋಡಿಸಿ ನೋಡಿಯೇ ಪೆಟ್ಟಿಗೆಗೆ ಹಾಕುವುದು ಜಾಣತನ. ಅಳತೆ ಕೂಡದ ಬೋಲ್ಟು ಕಾಡಿನಲ್ಲಿ ಕಲ್ಲಿಗೆ ಸಮಾನ.

೬. ಮುಖಂಡರ ಕರ್ತವ್ಯ

ಮಲೆನಾಡಿನಲ್ಲಿ ಜೂನ್ ತಿಂಗಳಿನಿಂದ ಸೆಪ್ಟೆಂಬರ್ ವರೆಗೆ ಮಳೆ ಬಿಡುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ೭,೦೦೦ ಮಿಲಿಮೀಟರಿಗೂ ಮಿಗಿಲಾಗಿ ಸುರಿಯುತ್ತದೆ. ಮಳೆ ಹಿಡಿದ ಮೇಲೆ ದುರಸ್ತಿಯನ್ನು ಯೋಚಿಸುವುದು ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ. ಆದ್ದರಿಂದ ಮೇ ತಿಂಗಳಿನಲ್ಲೊಮ್ಮೆ, ಕಾಫಿ ಕೊಯ್ಲಿಗೆ ಮುಂಚೆ ನವೆಂಬರಿನಲ್ಲೊಮ್ಮೆ ವಾಹನವನ್ನು ತೊಳೆಸಿ, ಮೇಲೆ ಹೇಳಿದ ಭಾಗಗಳನ್ನು ಕ್ರಮವಾಗಿ ಪರೀಕ್ಷಿಸಿ, ಕಂಡ ಲೋಪಗಳನ್ನು ತಾರೀಖಿನೊಡನೆ ಪುಸ್ತಕದಲ್ಲಿ ಬರೆದಿಡತಕ್ಕದ್ದು. ಒಂದೇ ಭಾಗವು ಎರಡು ಸಲ ಮುರಿದಿದ್ದರೆ ದೋಷವು ಆ ಭಾಗದಲ್ಲಿಲ್ಲ, ನೆರೆಯ ಭಾಗದಲ್ಲೋ ಹೊರೆಯಲ್ಲೋ ಇರುವುದೆಂದು ಆ ಪುಸ್ತಕವೇ ತಿಳಿಸುವುದು. ಹಳ್ಳಿಯಲ್ಲಿ ಮೂರು ನಾಲ್ಕು ವಾಹನಗಳಿದ್ದರೆ ಮುಖಂಡರು ಮಾಲಿಕರನ್ನು ಕೂಡಿಸಿ, ಬೆಲೆಬಾಳುವ ಬಿಡಿಭಾಗಗಳನ್ನು ಸಮಷ್ಟಿಯಾಗಿ ಒಂದೆಡೆ ಇರಿಸುವ ಏರ್ಪಾಡನ್ನು ಮಾಡಬಹುದು. ಮಳೆಯ ರಾತ್ರಿ ಯಾರ ಮನೆಯ ಬಾಗಿಲಿಗೆ ಕರೆ ಬಂದರೂ ಹೊರಡಲು ಸಿದ್ಧವಾದ ವಾಹನವೊಂದು ಊರಿನಲ್ಲಿರುವುದು ಇದರಿಂದ ಸಾಧ್ಯವಾಗುತ್ತದೆ.