ಹಳೆಯ ಟ್ರ್ಯಾಕ್ಟರಿನ ಎಂಜಿನ್ನನ್ನು ಮರಳಿ ಕಟ್ಟುವುದು ಹೇಗೆ?

ಮುಪ್ಪಾದ ಎತ್ತನ್ನು ಮತ್ತೆ ಹೋರಿಯನ್ನಾಗಿ ಮಾಡುವ ಮದ್ದು ಲೋಕದಲ್ಲಿಲ್ಲ. ಆದರೆ ಎಪ್ಪತ್ತು ವರ್ಷ ದುಡಿದ ಟ್ರ್ಯಾಕ್ಟರಿಗೆ ಅದರ ಮೊದಲಿನ ಕಸುವನ್ನು ಮರಳಿ ತಂದುಕೊಡುವುದು ಸಾಧ್ಯ. ಬ್ರಿಟನ್ನಿನಲ್ಲಿಯೂ ಐರ್ಲೆಂಡಿನಲ್ಲಿಯೂ ಅನೇಕ ರೈತರು ಮತ್ತು ಹವ್ಯಾಸಿಗಳು ಈ ಕೆಲಸವನ್ನು ತಮ್ಮ ಮನೆಯ ಕೊಟ್ಟಿಗೆಯಲ್ಲಿಯೇ ಮಾಡುತ್ತಾರೆ. ಇದಕ್ಕೆ ಬೇಕಾದದ್ದು ತೋಳ್ಬಲಕ್ಕಿಂತ ಹೆಚ್ಚಾಗಿ ಅಳತೆಯ ಜ್ಞಾನ. ಎಂಜಿನ್ನು ಎಲ್ಲಿ ಸವೆಯುತ್ತದೆ, ಏಕೆ ಸವೆಯುತ್ತದೆ, ಎಷ್ಟು ಸವೆದಿದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತರೆ ಅರ್ಧ ಕೆಲಸ ಮುಗಿದಂತೆಯೇ. ಒಂದು ಪ್ರಸಿದ್ಧ ಯಂತ್ರವನ್ನು ಉದಾಹರಣೆಯಾಗಿಟ್ಟುಕೊಂಡು ಇದನ್ನು ವಿಚಾರ ಮಾಡೋಣ.

ಬೂದುಬಣ್ಣದ ಫರ್ಗ್ಯುಸನ್

ಅಲ್ಸ್ಟರ್ ಪ್ರಾಂತದಲ್ಲಿ 1884ರಲ್ಲಿ ಜನಿಸಿದ ಹ್ಯಾರಿ ಫರ್ಗ್ಯುಸನ್ ಎಂಬಾತನು ನೇಗಿಲನ್ನು ಟ್ರ್ಯಾಕ್ಟರಿನ ಹಿಂದೆ ಸುಮ್ಮನೆ ಕಟ್ಟಿ ಎಳೆಯದೆ, ಮೂರು ಕೊಂಡಿಗಳಿಂದ ಅದನ್ನು ಯಂತ್ರದ ಅಂಗವಾಗಿಯೇ ಮಾಡಿ, ತೈಲದ ಒತ್ತಡದಿಂದ ಎತ್ತಿ ಇಳಿಸುವ ವ್ಯವಸ್ಥೆಯನ್ನು ರೂಪಿಸಿದನು. ಈ ವ್ಯವಸ್ಥೆಯನ್ನು ಹೊಂದಿದ ಟಿ.ಇ. 20 ಎಂಬ ಟ್ರ್ಯಾಕ್ಟರು ಇಂಗ್ಲೆಂಡಿನ ಕಾವೆಂಟ್ರಿ ನಗರದಲ್ಲಿ 1946ರಿಂದ 1956ರವರೆಗೆ ತಯಾರಾಯಿತು. ಹೊರಬಿದ್ದ ಯಂತ್ರಗಳ ಸಂಖ್ಯೆ ಐದು ಲಕ್ಷಕ್ಕೂ ಹೆಚ್ಚು. ಎಡ್ಮಂಡ್ ಹಿಲರಿಯ ತಂಡವು 1958ರ ಜನವರಿ 4ರಂದು ದಕ್ಷಿಣ ಧ್ರುವವನ್ನು ತಲಪಿದ್ದು ಹಿಮದ ಮೇಲೆ ಸಾಗಲು ಪಟ್ಟಿಗಳನ್ನು ತೊಡಿಸಿದ ಇಂಥ ಟ್ರ್ಯಾಕ್ಟರುಗಳಲ್ಲಿಯೇ.

ಮೊದಮೊದಲು ಇದಕ್ಕೆ ಅಮೆರಿಕದ ಕಾಂಟಿನೆಂಟಲ್ ಎಂಜಿನ್ನನ್ನು ಅಳವಡಿಸುತ್ತಿದ್ದರು; ಅನಂತರ ಸ್ಟ್ಯಾಂಡರ್ಡ್ ಮೋಟಾರ್ ಕಂಪೆನಿಯ ಸ್ವಂತ ಎಂಜಿನ್ನು ಬಂತು. ಹಿಂದೊಮ್ಮೆ ಮದ್ರಾಸಿನಲ್ಲಿ ಜೋಡಣೆಯಾಗುತ್ತಿದ್ದ ಸ್ಟ್ಯಾಂಡರ್ಡ್ ವ್ಯಾನ್‌ಗಾರ್ಡ್ ಕಾರಿನ ಎಂಜಿನ್ನೂ ಇದೇ ವಂಶದ್ದು. ಇದರ ಪೆಟ್ರೋಲು ಮಾದರಿಯನ್ನೇ ನಾವು ಇಲ್ಲಿ ಬಿಚ್ಚಿ ನೋಡಲಿದ್ದೇವೆ. ಸಿಲಿಂಡರುಗಳು ನಾಲ್ಕು. ಒಳವ್ಯಾಸ ಮೊದಲು 80 ಮಿಲಿಮೀಟರು, ಮುಂದೆ 85 ಮಿಲಿಮೀಟರು. ಪಿಸ್ಟನ್ನಿನ ಒಂದು ಓಟ 92 ಮಿಲಿಮೀಟರು. ಇಷ್ಟರಿಂದಲೇ ಎಂಜಿನ್ನಿನ ಗಾತ್ರ 1,850 ಮತ್ತು 2,088 ಘನ ಸೆಂಟಿಮೀಟರು ಎಂಬುದನ್ನು ವಿದ್ಯಾರ್ಥಿಗಳು ಲೆಕ್ಕ ಹಾಕಿ ತಿಳಿಯಬಹುದು.

ಸವೆತ ಎಲ್ಲಿ? ಏಕೆ?

ಎಂಜಿನ್ನು ನಿಮಿಷಕ್ಕೆ 2,000 ಸುತ್ತು ತಿರುಗುತ್ತಿದೆಯೆಂದು ಇಟ್ಟುಕೊಳ್ಳೋಣ. ಪ್ರತಿ ಸುತ್ತಿನಲ್ಲಿ ಪಿಸ್ಟನ್ನು ಒಮ್ಮೆ ಮೇಲೇರಿ ಒಮ್ಮೆ ಕೆಳಗಿಳಿಯುತ್ತದೆ. ಅಂದರೆ 184 ಮಿಲಿಮೀಟರು ಚಲಿಸುತ್ತದೆ. ಒಂದು ಗಂಟೆಯಲ್ಲಿ ಅದು ತನ್ನ ಅಂಗೈ ಉದ್ದದ ಕೊಳವೆಯೊಳಗೇ 22 ಕಿಲೋಮೀಟರು ಓಡಿರುತ್ತದೆ! ಸಾವಿರ ಗಂಟೆಗಳ ದುಡಿಮೆಯೆಂದರೆ ಭೂಮಿಯ ಸುತ್ತಳತೆಯ ಅರ್ಧಕ್ಕೂ ಹೆಚ್ಚು ದೂರ. ಇಷ್ಟು ಉಜ್ಜಾಟದಲ್ಲಿಯೂ ಲೋಹ ಉಳಿದಿರುವುದಕ್ಕೆ ನಡುವೆ ನಿಂತ ಎಣ್ಣೆಯ ತೆಳುಪೊರೆಯೇ ಕಾರಣ.

ಈ ಪೊರೆಯು ಚಲನೆಯಿಂದಲೇ ಉಂಟಾಗುವಂಥದು. ಪಿಸ್ಟನ್ನು ತುದಿ ಮುಟ್ಟಿ ಹಿಂತಿರುಗುವಾಗ ಕ್ಷಣಮಾತ್ರ ನಿಲ್ಲುತ್ತದೆ. ಆಗ ಪೊರೆ ಮುರಿಯುತ್ತದೆ. ಮೇಲಿನ ತುದಿಯಲ್ಲಿಯಂತೂ ಉರಿಯುವ ಅನಿಲದ ಬಿಸಿ ಹೆಚ್ಚು, ಒತ್ತಡವೂ ಹೆಚ್ಚು. ಅದೇ ಒತ್ತಡವು ಪಿಸ್ಟನ್ನಿನ ಉಂಗುರಗಳ ಹಿಂದೆ ನುಗ್ಗಿ ಅವುಗಳನ್ನು ಗೋಡೆಗೆ ಅದುಮುತ್ತದೆ. ಆದುದರಿಂದ ಸಿಲಿಂಡರು ಸವೆಯುವುದು ಮುಖ್ಯವಾಗಿ ಮೇಲ್ಭಾಗದಲ್ಲಿ. ಉಂಗುರ ಮುಟ್ಟದ ಅಂಚು ಸವೆಯದೆ ಉಳಿದು, ಅಲ್ಲಿ ಬೆರಳಿಗೆ ಸಿಗುವಂಥ ಒಂದು ಏಣು ನಿಲ್ಲುತ್ತದೆ. ಇದಲ್ಲದೆ, ಓರೆಯಾಗಿ ನಿಲ್ಲುವ ಕನೆಕ್ಟಿಂಗ್ ರಾಡು ಪಿಸ್ಟನ್ನನ್ನು ಒಂದು ಪಕ್ಕಕ್ಕೆ ತಳ್ಳುವುದರಿಂದ, ದುಂಡಗಿದ್ದ ರಂಧ್ರವು ಕ್ರಮೇಣ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ.

ಬಿಚ್ಚುವ ಮೊದಲು

ಈ ಟ್ರ್ಯಾಕ್ಟರಿಗೆ ಲಾರಿಗಿರುವಂತೆ ಪ್ರತ್ಯೇಕ ಚಾಸಿ ಇಲ್ಲ. ಮುಂದಿನ ಅಚ್ಚು, ಎಂಜಿನ್ನು, ಗೇರ್‌ಬಾಕ್ಸು ಇವು ಒಂದಕ್ಕೊಂದು ಬೋಲ್ಟುಗಳಿಂದ ಬಿಗಿಯಲ್ಪಟ್ಟು, ಎಂಜಿನ್ನೇ ಬೆನ್ನೆಲುಬಿನ ಭಾಗವಾಗಿದೆ. ಎಂಜಿನ್ನನ್ನು ಹೊರತೆಗೆಯುವುದೆಂದರೆ ಟ್ರ್ಯಾಕ್ಟರನ್ನು ಎರಡಾಗಿ ಬೇರ್ಪಡಿಸುವುದೆಂದೇ ಅರ್ಥ. ಮುಂದಿನ ಅಚ್ಚು ನಡುಗೂಟದ ಮೇಲೆ ತೂಗಾಡುವಂಥದು. ಅದರ ಎರಡು ಪಕ್ಕಗಳಲ್ಲಿ ಮರದ ಬೆಣೆಗಳನ್ನು ಬಡಿಯದಿದ್ದರೆ ಮುಂಭಾಗವು ಪಕ್ಕಕ್ಕೆ ಮಗುಚಿಕೊಳ್ಳುತ್ತದೆ. ಎರಡು ಭಾಗಗಳಿಗೂ ಗಟ್ಟಿಯಾದ ಆಧಾರ ಕೊಡದೆ, ಬರಿಯ ಜಾಕನ್ನು ನಂಬಿ ಅಡಿಯಲ್ಲಿ ಕೈಯಿಡಕೂಡದು. ಎಂಜಿನ್ನು ಕೆಟ್ಟರೆ ಬೇರೆ ತರಬಹುದು. ಕೈಗೆ ಬದಲಿ ಇಲ್ಲ.

ತೆಗೆದ ಪ್ರತಿಯೊಂದು ಭಾಗಕ್ಕೂ ಗುರುತು ಹಾಕಬೇಕು. ಬೇರಿಂಗಿನ ಮುಚ್ಚಳವನ್ನು ಅದರ ಜೊತೆಗಾರನೊಡನೆ ಸೇರಿಸಿಯೇ ಕೊರೆದಿರುವುದರಿಂದ ಒಂದರದು ಇನ್ನೊಂದಕ್ಕೆ ಸರಿಹೊಂದುವುದಿಲ್ಲ.

ಉಂಗುರವೇ ಅಳತೆಗೋಲು

ಯಂತ್ರಕುಶಲರು ಅಂಗುಲದ ಸಾವಿರದ ಒಂದು ಪಾಲನ್ನು ‘ಥೌ’ ಎನ್ನುತ್ತಾರೆ. ಇದು 0.0254 ಮಿಲಿಮೀಟರು, ತಲೆಗೂದಲಿನ ದಪ್ಪದ ಸುಮಾರು ಮೂರನೆಯ ಒಂದು ಭಾಗ. ಸಿಲಿಂಡರಿನ ಸವೆತವು ಸುಮಾರು ಹತ್ತು ಥೌ ಮುಟ್ಟಿದರೆ ಹೊಸ ಉಂಗುರಗಳಿಂದಷ್ಟೇ ಪ್ರಯೋಜನವಿಲ್ಲವೆಂಬುದು ಸಾಮಾನ್ಯ ರೂಢಿ. ಇಷ್ಟು ಸೂಕ್ಷ್ಮವಾದುದನ್ನು ಮನೆಯಲ್ಲಿ ಅಳೆಯುವುದೆಂತು?

ಇದಕ್ಕೊಂದು ಸುಲಭೋಪಾಯವುಂಟು. ಪಿಸ್ಟನ್ನಿನ ಉಂಗುರವು ಪೂರ್ಣ ವೃತ್ತವಲ್ಲ; ಅದರಲ್ಲಿ ಒಂದು ಸೀಳು ಇದೆ. ಉಂಗುರವೊಂದನ್ನು ಸಿಲಿಂಡರಿನ ಸವೆಯದ ಕೆಳಭಾಗದಲ್ಲಿ ಓರೆಯಾಗದಂತೆ ಕೂರಿಸಿ, ಸೀಳಿನ ಅಗಲವನ್ನು ಫೀಲರ್ ಗೇಜಿನ ತಗಡುಗಳಿಂದ ಅಳೆಯಬೇಕು. ಅನಂತರ ಅದೇ ಉಂಗುರವನ್ನು ಮೇಲ್ಭಾಗದ ಏಣಿನ ಕೆಳಗೆ ತಂದು ಮತ್ತೆ ಅಳೆಯಬೇಕು. ವ್ಯಾಸ ಹೆಚ್ಚಿದಾಗ ಸುತ್ತಳತೆಯು ಅದರ 3.14ರಷ್ಟು ಹೆಚ್ಚುತ್ತದೆ, ಆ ಹೆಚ್ಚಳವೆಲ್ಲ ಸೀಳಿನಲ್ಲಿಯೇ ಕಾಣಿಸಿಕೊಳ್ಳುತ್ತದೆ. ಕೆಳಗೆ 0.32, ಮೇಲೆ 1.17 ಮಿಲಿಮೀಟರು ಬಂತೆನ್ನೋಣ. ವ್ಯತ್ಯಾಸ 0.85, ಇದನ್ನು 3.14ರಿಂದ ಭಾಗಿಸಿದರೆ 0.27 ಮಿಲಿಮೀಟರು. ಸವೆತವು ಹತ್ತು ಥೌ ಮೀರಿದೆಯೆಂದು ಆಯಿತು. ಇದು ಸರಾಸರಿ ವ್ಯಾಸದ ಲೆಕ್ಕ ಮಾತ್ರ. ಮೊಟ್ಟೆಯಾಕಾರವನ್ನು ಅರಿಯಲು ಬೋರ್ ಗೇಜಿನಿಂದ ಎರಡು ದಿಕ್ಕುಗಳಲ್ಲಿ ಅಳೆಯಬೇಕಾಗುತ್ತದೆ.

ಹೊಸ ಉಂಗುರಕ್ಕಾದರೂ ಸೀಳು ಏಕೆ ಬೇಕು? 85 ಮಿಲಿಮೀಟರು ವ್ಯಾಸದ ಉಂಗುರದ ಸುತ್ತಳತೆ 267 ಮಿಲಿಮೀಟರು. ಅದು ತನ್ನ ಸುತ್ತಣ ಗೋಡೆಗಿಂತ 100 ಡಿಗ್ರಿ ಸೆಂಟಿಗ್ರೇಡಿನಷ್ಟು ಹೆಚ್ಚು ಕಾದರೆ ಎರಕದ ಕಬ್ಬಿಣವು ಸುಮಾರು 0.29 ಮಿಲಿಮೀಟರು ಹಿಗ್ಗುತ್ತದೆ. ಸೀಳು ಅಷ್ಟಿಲ್ಲದಿದ್ದರೆ ತುದಿಗಳು ಒಂದಕ್ಕೊಂದು ಗುದ್ದಿಕೊಂಡು ಉಂಗುರ ಮುರಿಯುತ್ತದೆ, ಇಲ್ಲವೆ ಗೋಡೆಯನ್ನು ಗೀರುತ್ತದೆ. ಆದ್ದರಿಂದಲೇ ವ್ಯಾಸದ ಪ್ರತಿ ಅಂಗುಲಕ್ಕೆ ಮೂರು ನಾಲ್ಕು ಥೌ ಸೀಳು ಬಿಡುವ ವಾಡಿಕೆ.

ನೀರಿನಲ್ಲಿ ನಿಂತ ಲೈನರು

ಕೆಲವು ಎಂಜಿನ್ನುಗಳಲ್ಲಿ ಸಿಲಿಂಡರು ಸವೆದರೆ ಇಡೀ ಬ್ಲಾಕನ್ನು ಕಾರ್ಖಾನೆಗೆ ಒಯ್ದು ಬೋರ್ ಮಾಡಿಸಬೇಕು. ಈ ಎಂಜಿನ್ನಿನಲ್ಲಿ ಹಾಗಲ್ಲ. ಇಲ್ಲಿ ಸಿಲಿಂಡರೆಂಬುದು ಬ್ಲಾಕಿನೊಳಗೆ ಇಳಿಬಿಟ್ಟ ಎರಕದ ಕಬ್ಬಿಣದ ಒಂದು ಕೊಳವೆ, ಇದೇ ಲೈನರು. ಎಂಜಿನ್ನನ್ನು ತಂಪುಮಾಡುವ ನೀರು ಇದರ ಹೊರಮೈಯನ್ನೇ ಮುಟ್ಟಿ ಹರಿಯುವುದರಿಂದ ಇದಕ್ಕೆ ‘ಒದ್ದೆ ಲೈನರು’ ಎಂದು ಹೆಸರು. ಸವೆದುದನ್ನು ತೆಗೆದು ಹೊಸದನ್ನು ಕೂರಿಸಿದರೆ ಎಂಜಿನ್ನಿಗೆ ಹೊಸ ಸಿಲಿಂಡರು ಬಂದಂತಾಯಿತು. ಮನೆಯಲ್ಲಿ ಈ ಕೆಲಸ ಸಾಧ್ಯವಾಗಿರುವುದರ ಗುಟ್ಟು ಇದೇ.

ಆದರೆ ಅಪಾಯವೂ ಇಲ್ಲಿಯೇ ಅಡಗಿದೆ. ಲೈನರಿನ ಒಳಗೆ ಬೆಂಕಿ, ಹೊರಗೆ ನೀರು, ಕೆಳಗೆ ಎಣ್ಣೆ. ಕೆಳಗಣ ಪೀಠದಲ್ಲಿ, ಎರಡೆರಡು ಲೈನರುಗಳಿಗೆ ಒಂದರಂತೆ, ಇಂಗ್ಲಿಷಿನ ಎಂಟರ ಅಂಕಿಯಾಕಾರದ ತೆಳುವಾದ ಗ್ಯಾಸ್ಕೆಟ್ ನೀರನ್ನೂ ಎಣ್ಣೆಯನ್ನೂ ಬೇರ್ಪಡಿಸುತ್ತದೆ. ಅದನ್ನು ಅದುಮಿ ಹಿಡಿಯುವುದು ಮೇಲಿನಿಂದ ಬಿಗಿದ ಸಿಲಿಂಡರ್ ಹೆಡ್ಡು. ಈ ಒತ್ತಡವು ಲೈನರಿನ ಮೇಲೆ ಬೀಳಬೇಕಾದರೆ ಅದರ ಮೇಲಂಚು ಬ್ಲಾಕಿನ ಮಟ್ಟಕ್ಕಿಂತ ಮೂರರಿಂದ ಐದು ಥೌ ಎತ್ತರದಲ್ಲಿರಬೇಕು. ನೇರವಾದ ಉಕ್ಕಿನ ಪಟ್ಟಿ ಮತ್ತು ಫೀಲರ್ ಗೇಜಿನಿಂದ ಇದನ್ನು ನಾಲ್ಕೂ ಕಡೆ ಪರೀಕ್ಷಿಸಬೇಕು. ಒಂದು ಕಡೆ ಹೆಚ್ಚಿದ್ದರೆ ಪೀಠದಲ್ಲಿ ತುಕ್ಕಿನ ಚೂರು ಉಳಿದಿರಬಹುದು. ಲೈನರನ್ನು ಮತ್ತೆ ಎತ್ತಿ ಶುದ್ಧಿ ಮಾಡಬೇಕು. ಕಡಮೆಯಿದ್ದರೆ ನೀರು ಇಳಿದು ಎಣ್ಣೆಯೊಡನೆ ಬೆರೆಯುತ್ತದೆ. ಹಾಲು ಬೆರೆಸಿದ ಚಹದಂತೆ ಬಿಳಿಚಿದ ಎಣ್ಣೆಯೇ ಇದರ ಲಕ್ಷಣ. ಅಂಥ ಎಣ್ಣೆಯು ಬೇರಿಂಗುಗಳನ್ನು ಕಾಯಲಾರದು. ಕೂದಲೆಳೆಯಷ್ಟು ಕೊರತೆಯಿಂದ ತಿಂಗಳುಗಳ ಶ್ರಮವೂ ಖರ್ಚೂ ಮಣ್ಣುಪಾಲಾಗುತ್ತವೆ.

ಇನ್ನೊಂದು ಎಚ್ಚರಿಕೆ: ಹೆಡ್ಡು ತೆಗೆದಿರುವಾಗ ಲೈನರುಗಳನ್ನು ಅದುಮಿ ಹಿಡಿಯದೆ ಕ್ರ್ಯಾಂಕನ್ನು ತಿರುಗಿಸಬಾರದು. ಮೇಲೇರುವ ಪಿಸ್ಟನ್ನು ಲೈನರನ್ನೂ ತನ್ನೊಡನೆ ಎತ್ತಿ ಕೆಳಗಣ ಗ್ಯಾಸ್ಕೆಟನ್ನು ಸಡಿಲಿಸಿಬಿಡುತ್ತದೆ.

ಕ್ರ್ಯಾಂಕ್‌ಷಾಫ್ಟು

ಕ್ರ್ಯಾಂಕ್‌ಷಾಫ್ಟಿನ ಬೇರಿಂಗುಗಳ ಒಳಮೈ ಮೆದುವಾದ ಮಿಶ್ರಲೋಹದ್ದು. ಎಣ್ಣೆಯಲ್ಲಿ ಬಂದ ಮರಳಿನ ಕಣವು ಅದರಲ್ಲಿ ಹೂತುಹೋಗಿ ಬೆಲೆಬಾಳುವ ಉಕ್ಕು ಉಳಿಯಲೆಂಬುದೇ ಇದರ ಉದ್ದೇಶ. ಉಕ್ಕಿನ ಕತ್ತುಗಳು ದುಂಡಗಿವೆಯೆ ಎಂದು ಮೈಕ್ರೋಮೀಟರಿನಿಂದ ಹಲವು ದಿಕ್ಕುಗಳಲ್ಲಿ ನೋಡಬೇಕು. ಗೀರುಬಿದ್ದು ಅಥವಾ ಸೊಟ್ಟಗಾಗಿ ಸವೆದಿದ್ದರೆ ಯಂತ್ರಾಗಾರದಲ್ಲಿ ಸಾಣೆ ಹಿಡಿಸಿ, ಹತ್ತು, ಇಪ್ಪತ್ತು ಅಥವಾ ಮೂವತ್ತು ಥೌ ಕಿರಿದಾದ ಕತ್ತಿಗೆ ಒಪ್ಪುವ ಬೇರಿಂಗುಗಳನ್ನು ತರಬೇಕು. ಮನೆಯ ಕೆಲಸದ ಮಿತಿ ಇಲ್ಲಿಗೆ ಬರುತ್ತದೆ. ಈ ಸಾಣೆಯನ್ನು ಅರದಿಂದ ಮಾಡಲು ಹೊರಡುವುದು ಅವಿವೇಕ.

ಮರುಜೋಡಣೆ

ಜೋಡಿಸುವಾಗ ಪ್ರತಿ ಉಜ್ಜುಮೈಗೂ ಎಣ್ಣೆ ಸವರಬೇಕು. ಹೆಡ್ಡಿನ ನಟ್ಟುಗಳನ್ನು ನಡುವಿನಿಂದ ಆರಂಭಿಸಿ ಹೊರಕ್ಕೆ, ಮೂರು ಹಂತಗಳಲ್ಲಿ, ಎಂಜಿನ್ನಿನ ಕೈಪಿಡಿಯಲ್ಲಿ ಹೇಳಿದ ಬಲಕ್ಕೆ ಟಾರ್ಕ್ ಸ್ಪ್ಯಾನರಿನಿಂದ ಬಿಗಿಯಬೇಕು. ಅನಂತರ ಎಂಜಿನ್ನನ್ನು ಕೈಯಿಂದ ಎರಡು ಪೂರ್ಣ ಸುತ್ತು ತಿರುಗಿಸಬೇಕು. ಎಲ್ಲಿಯಾದರೂ ತಡೆ ಸಿಕ್ಕಿದರೆ ಬಲಪ್ರಯೋಗ ಮಾಡದೆ ಕಾರಣವನ್ನು ಹುಡುಕಬೇಕು. ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದಿಟ್ಟು, ಎಣ್ಣೆಯ ಒತ್ತಡವು ಮಾಪಕದಲ್ಲಿ ಕಾಣುವವರೆಗೆ ಎಂಜಿನ್ನನ್ನು ತಿರುಗಿಸಿ, ಆಮೇಲೆಯೇ ಚಾಲೂ ಮಾಡುವುದು ಕ್ಷೇಮ. ಮೊದಲ ಕೆಲವು ಗಂಟೆಗಳು ಮಿತವಾದ ಹೊರೆ ಸಾಕು. ಉಂಗುರವೂ ಗೋಡೆಯೂ ಒಂದಕ್ಕೊಂದು ಹೊಂದಿಕೊಳ್ಳುವ ಕಾಲವದು. ನಡುನಡುವೆ ನಿಲ್ಲಿಸಿ ಎಣ್ಣೆಯ ಬಣ್ಣವನ್ನು ನೋಡುತ್ತಿರಬೇಕು.

ಫರ್ಗ್ಯುಸನ್ನನ ಪರಂಪರೆಯು ಮ್ಯಾಸ್ಸಿ ಫರ್ಗ್ಯುಸನ್ ಎಂಬ ಹೆಸರಿನಲ್ಲಿ ಮುಂದುವರಿದು, 1960ರಲ್ಲಿ ಮದ್ರಾಸಿನಲ್ಲಿ ಸ್ಥಾಪಿತವಾದ ಟಾಫೆ ಸಂಸ್ಥೆಯ ಮೂಲಕ ನಮ್ಮ ಹೊಲಗಳಿಗೂ ಬಂದಿತು. ಲೈನರು ಒದ್ದೆಯದಾಗಲಿ ಒಣಗಿದುದಾಗಲಿ, ಉಂಗುರದ ಲೆಕ್ಕ ಎಲ್ಲ ಎಂಜಿನ್ನುಗಳಿಗೂ ಒಂದೇ. ಊರಿನ ಗ್ಯಾರೇಜಿನಲ್ಲಿ ಬಿಚ್ಚಿಟ್ಟ ಎಂಜಿನ್ನು ಕಂಡರೆ, ಮೇಸ್ತ್ರಿಯ ಅಪ್ಪಣೆ ಪಡೆದು, ಒಂದು ಉಂಗುರ ಮತ್ತು ಒಂದು ಫೀಲರ್ ಗೇಜಿನಿಂದ ವಿದ್ಯಾರ್ಥಿಗಳು ಅದರ ಸವೆತವನ್ನು ಅಳೆದು ನೋಡಲಿ.